ಕಾಲುವೆಯ ಇಳಿಜಾರು ಬರೆದಿಡುವ ಕೆಲಸ

ಬೇಸಿಗೆಯಲ್ಲಿ ವಿಜಯನಗರ ಕಾಲದ ಹಳೇ ಕಾಲುವೆಗೆ ನೀರು ನಿಲ್ಲಿಸಿದಾಗ, ತುಂಗಭದ್ರೆಯ ದಡದ ಆನೆಗೊಂದಿ ಕಡೆ ಬಂದರೆ ದಂಡೆಯ ಮೇಲೆ ನಾವು ಸಿಗುತ್ತೇವೆ. ಇತಿಹಾಸದ ಹುಚ್ಚು ಹತ್ತಿಸಿಕೊಂಡ ಏಳೆಂಟು ಜನ. ಒಬ್ಬರು ಮೇಷ್ಟ್ರು, ಇಬ್ಬರು ರೈತರು, ಒಬ್ಬರು ಗಾರೆ ಕೆಲಸದವರು, ಉಳಿದವರು ಕಾಲೇಜು ಹುಡುಗರು. ಕೈಯಲ್ಲಿ ಟೇಪು, ನೋಟ್‌ಬುಕ್ಕು, ನೀರು ತುಂಬಿದ ಉದ್ದನೆಯ ಪ್ಲಾಸ್ಟಿಕ್ ಪೈಪು. ಮನೆ ಕಟ್ಟುವಾಗ ಮಟ್ಟ ನೋಡಲು ಹಿಡಿಯುತ್ತಾರಲ್ಲ, ಅದೇ ಪೈಪು. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ಕಾಲುವೆಯ ತಳಕ್ಕೆ ಅಳೆದರೆ, ಈ ಜಾಗಕ್ಕಿಂತ ಆ ಜಾಗ ಎಷ್ಟು ತಗ್ಗು ಅಂತ ಗೊತ್ತಾಗುತ್ತದೆ.

ಹಳೇ ಕಾಲುವೆಯಲ್ಲಿ ನನಗೆ ಎಲ್ಲಕ್ಕಿಂತ ಅಮೂಲ್ಯವಾಗಿ ಕಾಣುವುದು ಈ ಇಳಿಜಾರು. ಪಂಪಿಲ್ಲ, ಕರೆಂಟಿಲ್ಲ, ನೀರು ತನ್ನ ಭಾರಕ್ಕೆ ತಾನೇ ಹರಿಯಬೇಕು. ಜೋರಾಗಿ ಹರಿದರೆ ಮಣ್ಣಿನ ದಂಡೆ ಕೊರೆಯುತ್ತದೆ. ತೀರಾ ನಿಧಾನವಾದರೆ ಹೂಳು ಕೂರುತ್ತದೆ, ಜೊಂಡು ಬೆಳೆಯುತ್ತದೆ. ಮಣ್ಣಿನ ಕಾಲುವೆಗೆ ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ ಒಂದೆರಡು ಗೇಣು ಇಳಿದರೆ ಸಾಕು. ಬಂಡೆಗಳೇ ತುಂಬಿರುವ ನಮ್ಮ ಸೀಮೆಯಲ್ಲಿ ಅಷ್ಟೇ ಇಳಿಸುವುದು ಸುಮ್ನೆ ಮಾತಲ್ಲ. ಅದಕ್ಕೇ ಕಾಲುವೆ ಗುಡ್ಡದ ಬುಡ ಹಿಡಿದು ಸುತ್ತಿ ಸುತ್ತಿ ಹೋಗುತ್ತದೆ. ಪಂಜಾಬಿನ ಬಾರಿ ದೋಆಬ್ ಕಾಲುವೆಯಲ್ಲಿ ಹೂಳೂ ಕೂರದ, ತಳವೂ ಕೊರೆಯದ ಜಾಗಗಳನ್ನು ಅಳೆದು ಕೆನಡಿ ಎಂಬ ಇಂಜಿನಿಯರ್ ಈ ಹದಕ್ಕೆ ಒಂದು ಸೂತ್ರ ಕೊಟ್ಟಿದ್ದು 1895ರಲ್ಲಿ. ತುಂಗಭದ್ರೆಯ ಎರಡೂ ದಡದಲ್ಲಿ ವಿಜಯನಗರದ ಕಾಲುವೆಗಳು ಅದಕ್ಕೂ ಮುನ್ನೂರು ವರ್ಷ ಮೊದಲೇ ಹರಿಯುತ್ತಿದ್ದವು.

ನದಿಯಿಂದ ನೀರು ಎತ್ತಿಕೊಡುವ ಅಣೆಕಟ್ಟುಗಳೂ ಹಾಗೆಯೇ. ಇವು ಈಗಿನ ಡ್ಯಾಮಿನಂತೆ ನೀರು ಕೂಡಿಡುವುದಿಲ್ಲ. ನದಿಯ ಮಟ್ಟವನ್ನು ಸ್ವಲ್ಪ ಏರಿಸಿ ಕಾಲುವೆಯ ಬಾಯಿಗೆ ಮುಟ್ಟಿಸುತ್ತವೆ, ಅಷ್ಟೇ. ಪ್ರವಾಹ ಬಂದರೆ ತಲೆಯ ಮೇಲೆ ಹಾದುಹೋಗುತ್ತದೆ. ಹೊಳೆಯ ನಡುವೆ ಇರುವ ಬಂಡೆ, ನಡುಗಡ್ಡೆಗಳನ್ನೇ ಆಧಾರ ಮಾಡಿಕೊಂಡು, ನಡುವಿನ ಸಂದಿಗೆ ಮಾತ್ರ ಕಲ್ಲು ಒಟ್ಟಿದ್ದಾರೆ. ಆ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದಕ್ಕಿಂತ ಗಟ್ಟಿ ಅಡಿಪಾಯ ಎಲ್ಲಿ ಸಿಗುತ್ತದೆ? ಹೀಗೆ ಕಟ್ಟಿದ್ದರಿಂದ ಒಡ್ಡು ನೇರವಾಗಿರದೆ ಓರೆಯಾಗಿ, ಸೊಟ್ಟಸೊಟ್ಟಗೆ ಉದ್ದವಾಗುತ್ತದೆ. ಇದೂ ಒಳ್ಳೆಯದೇ. ಒಡ್ಡಿನ ಉದ್ದ ಎರಡು ಪಟ್ಟಾದರೆ, ಅಷ್ಟೇ ಪ್ರವಾಹ ಅದರ ಮೇಲೆ ಹಾಯುವಾಗ ನೀರಿನ ಎತ್ತರ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತಗ್ಗುತ್ತದೆ. ಕಲ್ಲಿನ ಮೇಲಿನ ಹೊಡೆತವೂ ತಗ್ಗುತ್ತದೆ.

ಕೆಲವನ್ನು ನಾವು ಇನ್ನು ನೋಡುವಂತಿಲ್ಲ. ಬಲದಂಡೆಯ ಬಸವಣ್ಣ ಕಾಲುವೆ ಕೃಷ್ಣದೇವರಾಯನ ಕಾಲದ್ದು, 1521ರದು. ಅದಕ್ಕೆ ನೀರು ಕೊಡುತ್ತಿದ್ದ ಅಣೆಕಟ್ಟು 1953ರಲ್ಲಿ ತುಂಬಿದ ತುಂಗಭದ್ರಾ ಜಲಾಶಯದಲ್ಲಿ ಮುಳುಗಿತು. ಆದರೆ ಕಾಲುವೆ ನಿಲ್ಲಲಿಲ್ಲ, ಈಗ ಜಲಾಶಯದ ನೀರನ್ನೇ ತೆಗೆದುಕೊಂಡು ಹರಿಯುತ್ತಿದೆ.

ಈಗ ಕಾಲುವೆಗಳಿಗೆ ಕಾಂಕ್ರೀಟು ಬೀಳುತ್ತಿದೆ. ಅದನ್ನು ಬೇಡ ಅನ್ನಲು ನನಗೆ ಮನಸ್ಸಿಲ್ಲ. ಮಣ್ಣಿನಲ್ಲಿ ಇಂಗಿಹೋಗುವ ನೀರು ಉಳಿದರೆ ಕೊನೇ ಭಾಗದ ರೈತರ ಗದ್ದೆಗೂ ಮುಟ್ಟುತ್ತದೆ. ಅವರು ಎಷ್ಟು ವರ್ಷದಿಂದ ಕಾಯುತ್ತಿದ್ದಾರೆ! ಆದರೆ ಅದೇ ಇಂಗಿದ ನೀರಿನಿಂದ ಕೆಳಗಿನ ಬಾವಿಗಳು ತುಂಬುತ್ತಿದ್ದವು, ಅಲ್ವಾ? ಇನ್ನೊಂದು ಮಾತು. ಹಳೇ ಕಲ್ಲುಕಟ್ಟಡ, ತೂಬಿನ ಕಲ್ಲು, ಕಾಲುವೆಯ ಮೂಲ ತಳ ಒಮ್ಮೆ ಮುಚ್ಚಿಹೋದರೆ ಮತ್ತೆ ಅಳೆಯಲಾಗದು. ಹಾಗಾಗಿ ಕೆಲಸ ಶುರುವಾಗುವ ಮೊದಲು ಅಳತೆ ಆಗಲೇಬೇಕು. ಒಂದೊಂದು ತೂಬಿನ ಅಗಲ, ಎತ್ತರ, ಫೋಟೋ, ಮೊಬೈಲಿನಲ್ಲಿ ಗುರುತು ಹಾಕಿದ ಜಾಗ, ಎಲ್ಲ ಬರೆದಿಡುತ್ತೇವೆ. ಕಲ್ಲಿನ ಮೇಲೆ ಅಕ್ಷರ ಕಂಡರೆ ಉಜ್ಜದೆ, ಸುಣ್ಣ ಬಳಿಯದೆ ಫೋಟೋ ತೆಗೆಯುತ್ತೇವೆ. ಓರೆ ಬಿಸಿಲಿನಲ್ಲಿ, ಬೆಳಿಗ್ಗೆ ಅಥವಾ ಸಂಜೆ. ಆಗ ಸವೆದ ಅಕ್ಷರವೂ ನೆರಳು ಹಿಡಿದು ಎದ್ದು ಕಾಣುತ್ತದೆ.

ಬರೆಯಲು ಕಷ್ಟವಾಗುವುದು ಗದ್ದೆಗಳಿಗೆ ನೀರು ಹಂಚುವ ನೀರಗಂಟಿಗಳ ತಿಳಿವಳಿಕೆ. ಯಾವ ತೂಬಿನಲ್ಲಿ ಯಾವ ಕಲ್ಲು ಮುಳುಗಿದರೆ ಕೊನೇ ಮಡಿಗೆ ನೀರು ಮುಟ್ಟುತ್ತದೆ, ಯಾವ ತಿರುವಿನಲ್ಲಿ ಹೂಳು ಮೊದಲು ಕೂರುತ್ತದೆ, ಇದೆಲ್ಲ ಅವರ ಕಣ್ಣಲ್ಲೇ ಇದೆ. ಒಬ್ಬ ಅಜ್ಜನ ಜೊತೆ ನಡೆಯುವಾಗ ಅವರು ಒಂದು ತಿರುವಿನಲ್ಲಿ ಕೋಲು ಊರಿ ನಿಂತರು. ಪೈಪು ಹಿಡಿದು ನೋಡಿದೆವು. ತಳ ಅಲ್ಲಿಂದ ಮುಂದೆ ಸುಮಾರು ದೂರ ಸಮತಟ್ಟಾಗಿತ್ತು. ಹೂಳು ಕೂರುವುದು ಅಲ್ಲೇ. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಅಳತೆ ಬರೆದು, ಪಕ್ಕದಲ್ಲಿ ಅಜ್ಜನ ಹೆಸರನ್ನೂ ಬರೆದುಕೊಂಡರು.