ಬೋರು ಬತ್ತಿದ ಹೊಲದಲ್ಲಿ ಪರ್ಮಾಕಲ್ಚರ್ ಆಗುತ್ತಾ?

ಪ್ರಶ್ನೆ: ಚಳ್ಳಕೆರೆ ಹತ್ತಿರ ಎರಡು ಎಕರೆ ಕೆಂಪು ಜಮೀನಿದೆ. ವರ್ಷಾ ವರ್ಷಾ ಶೇಂಗಾ. ಬೋರು ಬತ್ತಿದೆ. ಪರ್ಮಾಕಲ್ಚರ್ ವಿಡಿಯೋಗಳಲ್ಲಿ ಎಲ್ಲಾ ಹಸಿರೋ ಹಸಿರು. ನಮ್ಮ ಕಡೆ ಇದು ಆಗೋ ಮಾತಾ?

ಉತ್ತರ: ಆಗುತ್ತದೆ, ವಿಡಿಯೋದಲ್ಲಿ ಕಂಡ ಹಾಗಲ್ಲ. ಮಲೆನಾಡಿನ ತೋಟ ನೋಡಿಕೊಂಡು ಚಳ್ಳಕೆರೆಯಲ್ಲಿ ಗಿಡ ನೆಟ್ಟರೆ ಗಿಡವೂ ಹೋಯಿತು, ದುಡ್ಡೂ ಹೋಯಿತು.

1970ರ ದಶಕದಲ್ಲಿ ಆಸ್ಟ್ರೇಲಿಯಾದ ಬಿಲ್ ಮಾಲಿಸನ್, ಡೇವಿಡ್ ಹೋಮ್‌ಗ್ರೆನ್ ಪರ್ಮಾಕಲ್ಚರ್ ಎಂಬ ಹೆಸರು ಕೊಟ್ಟರು. ನೀರು, ಮರ, ದನ, ಮನೆ ಯಾವುದು ಎಲ್ಲಿದ್ದರೆ ಒಂದಕ್ಕೊಂದು ಒದಗುತ್ತದೆ ಎಂದು ಮೊದಲೇ ಯೋಚಿಸಿ ಜೋಡಿಸುವ ಕ್ರಮ ಇದು. ಸಾವಯವ ಗೊಬ್ಬರ ಅದರ ಒಂದು ತುಂಡು ಮಾತ್ರ.

ನಿಮಗೆ ಮೊದಲ ಪಾಠ ಚಿತ್ರದುರ್ಗದ ಕೋಟೆಯಲ್ಲೇ ಇದೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಗೆ. ಬಂಡೆ ಮೇಲೆ ಬಿದ್ದ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದರು. ಹೊಲದ ಲೆಕ್ಕವೂ ಅದೇ. 500 ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 20 ಲಕ್ಷ ಲೀಟರ್ ನೀರು. ಅದು ಬರುವುದು ಕೆಲವೇ ಜೋರು ಮಳೆಗಳಲ್ಲಿ, ಅರ್ಧ ಗಂಟೆಯಲ್ಲಿ ಮೇಲ್ಮಣ್ಣನ್ನೂ ಎತ್ತಿಕೊಂಡು ಹಳ್ಳ ಸೇರುತ್ತದೆ. ಅಂಥ ಮಳೆಯಲ್ಲಿ ಒಮ್ಮೆ ಗೊಪ್ಪೆ ಹಾಕಿಕೊಂಡು ಹೊಲ ಸುತ್ತಿ, ನೀರು ಎಲ್ಲಿ ಹೊರಬೀಳುತ್ತದೆ ನೋಡಿ. ಆಮೇಲೆ ಇಳಿಜಾರಿಗೆ ಅಡ್ಡವಾಗಿ ಕಾಲುವೆ ತೋಡಿ, ಮಣ್ಣನ್ನು ಕೆಳಬದಿಗೆ ಬದುವಾಗಿ ಹಾಕಿ. ಹೆಚ್ಚಾದ ನೀರಿಗೆ ಕಲ್ಲಿನ ಕೋಡಿ ಇರಲಿ. ಮಟ್ಟ ಹಿಡಿಯಲು A ಆಕಾರಕ್ಕೆ ಕಟ್ಟಿದ ಮೂರು ಕೋಲು, ನಡುವೆ ತೂಗಲು ಒಂದು ದಾರ, ಒಂದು ಕಲ್ಲು ಸಾಕು. (ಎರೆ ಹೊಲದವರು ಇದನ್ನು ಹಾಗೇ ನಕಲು ಮಾಡಬೇಡಿ, ಅಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ.)

ಬದುವಿನ ಮೇಲೆ ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಸೀತಾಫಲ, ನುಗ್ಗೆ, ಹೊಂಗೆ. ಸೊಪ್ಪು ಕಡಿದು ಸಾಲುಗಳ ನಡುವೆ ಹಾಸಿದರೆ ತೇವ ಉಳಿಯುತ್ತದೆ. ಶೇಂಗಾ ಬಿಡಬೇಡಿ, ಹೊಟ್ಟೆಪಾಡು ಅದೇ. ನಡುವೆ ತೊಗರಿ, ಅಲಸಂದೆಯ ಅಕ್ಕಡಿ ಸಾಲು ಹಾಕಿ, ಅಂಚಿಗೆ ಹರಳು (ಔಡಲ). ಎಲೆ ತಿನ್ನುವ ಹುಳು ಹರಳಿಗೆ ಮೊದಲು ಮುತ್ತುತ್ತದೆ, ಆರಿಸಿ ಹಾಕುವುದು ಸುಲಭ. ಈ ಮಣ್ಣಿನಲ್ಲಿ ಬೋರು ನಂಬಿ ಅಡಿಕೆ ಹಾಕುವುದು ಮಾತ್ರ ನನಗೆ ಜೂಜಿನ ಹಾಗೆ ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ಸುಗ್ಗಿ ಮುಗಿದ ಮೇಲೆ ಕುರಿ, ಮೇಕೆ ಬರುತ್ತವೆ. ಗಿಡ ನೆಡುವ ಮುಂಚೆಯೇ ಸುತ್ತ ಕತ್ತಾಳೆ ಹಚ್ಚಿ. ಕುರಿಯವರ ಹತ್ತಿರ ಜಗಳ ಬೇಡ, ಕೊಯ್ಲಾದ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡರೆ ಗೊಬ್ಬರ ನಿಮ್ಮದೇ.