ಕೈ ಓಡಿದ ಗುರುತು

ಕಲಬುರಗಿಯ ಹಿರಿಯ ಚಿತ್ರಕಲಾವಿದರೊಬ್ಬರು ಗೆಳೆಯನಿಗೆ ಬರೆದ ಹಳೆಯ ಇನ್‌ಲ್ಯಾಂಡ್ ಪತ್ರವೊಂದನ್ನು ನೋಡಿದ್ದೆ. ಅದರಲ್ಲಿ ಅಂಥ ದೊಡ್ಡ ಸುದ್ದಿಯೇನೂ ಇಲ್ಲ. ಮಳೆ ಬಂದಿಲ್ಲ, ತೊಗರಿ ಒಣಗುತ್ತಿದೆ, ಬಣ್ಣದ ರೇಟು ಜಾಸ್ತಿಯಾಗಿದೆ, ಅಷ್ಟೇ. ಆದರೆ ಅಕ್ಷರ ನೋಡಬೇಕು! 'ಬಣ್ಣ'ದ ಒತ್ತಕ್ಷರದ ಬಾಲ ಮುಂದಿನ ಪದದ ಅಡಿಯವರೆಗೂ ಹರಿದಿದೆ. ಅದು ತಿರುಗುವ ಕಡೆ ಮಸಿ ದಟ್ಟವಾಗಿದೆ, ನೇರ ಓಡಿದ ಕಡೆ ತೆಳುವಾಗಿದೆ.

ಈ ದಟ್ಟ-ತೆಳುವಿನ ಹಿಂದೆ ಒಂದು ಲೆಕ್ಕವಿದೆ. ತಿರುವು ಬಂದಲ್ಲಿ ಕೈ ತಾನಾಗಿಯೇ ನಿಧಾನವಾಗುತ್ತದೆ, ಹಾಗಾಗಿ ಅಲ್ಲಿ ಮಸಿ ಹೆಚ್ಚು ಇಳಿಯುತ್ತದೆ. ಕೈ ಎಷ್ಟು ನಿಧಾನವಾಗುತ್ತದೆ ಎಂಬುದನ್ನು 1983ರಲ್ಲಿ ಲಕ್ವಾನಿಟಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಸೂತ್ರವಾಗಿಸಿದರು. ಅದರ ಪ್ರಕಾರ ತಿರುವಿನ ತ್ರಿಜ್ಯ 8 ಪಟ್ಟು ದೊಡ್ಡದಾದರೆ ಕೈಯ ವೇಗ ಸುಮಾರು 2 ಪಟ್ಟಾಗುತ್ತದೆ. ನಮ್ಮ ಕನ್ನಡ ಅಕ್ಷರಗಳಲ್ಲಂತೂ ತಿರುವುಗಳದ್ದೇ ಕಾರುಬಾರು, ಅಲ್ವಾ? ಹಾಗಾಗಿ ಒಂದು ಸಾಲು ಬರೆಯುವಷ್ಟರಲ್ಲಿ ಕೈ ಎಷ್ಟು ಸಲ ನಿಧಾನಿಸಿ ಮತ್ತೆ ಓಡುತ್ತದೋ!

ಇನ್ನೊಂದು ಮಾತು. ಪಳಗಿದ ಕೈ ಒಂದು ಸಣ್ಣ ಗೆರೆಯನ್ನು ಸುಮಾರು 0.1 ಸೆಕೆಂಡಿನಲ್ಲಿ ಎಳೆದು ಮುಗಿಸುತ್ತದೆ. ಕಣ್ಣಿಂದ ನೋಡಿ ತಿದ್ದಿಕೊಳ್ಳಲು ಅಷ್ಟು ಹೊತ್ತು ಸಾಲದು. ಅಂದರೆ ಗೆರೆ ಶುರುವಾಗುವ ಮೊದಲೇ ಅದರ ಪೂರ್ತಿ ಓಟ ಮಿದುಳಿನಲ್ಲಿ ಸಿದ್ಧವಾಗಿರುತ್ತದೆ. ನಕಲಿ ಸಹಿ ಮಾಡುವವರು ಸಿಕ್ಕಿಬೀಳುವುದು ಇಲ್ಲೇ. ಅವರು ನೋಡಿ ನೋಡಿ ನಿಧಾನಕ್ಕೆ ಎಳೆಯುತ್ತಾರೆ, ಗೆರೆ ನಡುಗುತ್ತದೆ. ಆಕಾರ ಸರಿ ಬಂದರೂ ಓಟ ಬರುವುದಿಲ್ಲ. ಕಲಾವಿದರ ಪತ್ರದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಈ ಓಟವೇ ಎಂದು ನನಗನಿಸುತ್ತದೆ. ಅಕ್ಷರ ನೋಡಿ ಸ್ವಭಾವ ಹೇಳುತ್ತೇವೆ ಎನ್ನುವವರ ಮಾತು ಬೇರೆ. ಪರೀಕ್ಷೆಗೆ ಒಡ್ಡಿದಾಗ ಅದು ನಿಂತಿಲ್ಲ, ಬಿಟ್ಟುಬಿಡಿ.

ಬೀದರ್‌ನಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಗೋಡೆಯ ಮೇಲೆ ಬಣ್ಣದ ಬಿಲ್ಲೆಗಳ ಅಕ್ಷರಗಳಿವೆ. ಬಿಲ್ಲೆ ಜೋಡಿಸುವುದು ನಿಧಾನದ ಕೆಲಸ. ಆದರೂ ಆ ಗೆರೆಗಳ ದಪ್ಪ-ಸಣ್ಣದಲ್ಲಿ ಓರೆಯಾಗಿ ಕತ್ತರಿಸಿದ ಜೊಂಡಿನ ಲೇಖನಿಯ ಗುಣ ಉಳಿದಿದೆ. ಅಂಥದ್ದೇ ಜೊಂಡಿನ ಕಡ್ಡಿಯಿಂದ ವಿನ್ಸೆಂಟ್ ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್ ಊರಲ್ಲಿ ಚಿತ್ರ ಬರೆದ. ಅವನು ಬರೆದ 800ಕ್ಕೂ ಹೆಚ್ಚು ಪತ್ರಗಳು ಉಳಿದಿವೆ, ಬಹುಪಾಲು ತಮ್ಮ ಥಿಯೋಗೆ ಬರೆದವು. ಕೆಲವು ಹಾಳೆಗಳಲ್ಲಿ ಮಾತಿನ ನಡುವೆಯೇ ಚಿತ್ರ ಬರುತ್ತದೆ. ಅಕ್ಷರ ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಆ ಕಾಲದ ಎಷ್ಟೋ ಪತ್ರಗಳ ಕಂದು ಬಣ್ಣ ಬರೆದಾಗಿನದ್ದಲ್ಲ. ಕಬ್ಬಿಣದ ಲವಣ ಮತ್ತು ಮರದ ಒಗರು ಸೇರಿಸಿ ಮಾಡಿದ ಮಸಿ ಗಾಳಿ ತಾಗಿ ಮೊದಲು ಕಪ್ಪಾಗುತ್ತದೆ, ವರ್ಷಗಳು ಕಳೆದಂತೆ ಕಂದಾಗುತ್ತದೆ. ಅದರ ಹುಳಿ ಕಾಗದವನ್ನೂ ತಿನ್ನುತ್ತದೆ. ನಮ್ಮ ಪೆನ್ನಿನ ಮಸಿಯ ಕಷ್ಟ ಬೇರೆ, ಅದರ ಬಣ್ಣ ಬೆಳಕಿಗೆ ಮಾಸುತ್ತದೆ. ಹೇಳಿ ಕೇಳಿ ಕಲಬುರಗಿ ಬಿಸಿಲು. ಮನೆಯಲ್ಲಿ ಇಂಥ ಪತ್ರವಿದ್ದರೆ ಫ್ರೇಮ್ ಹಾಕಿಸಿ ಕಿಟಕಿ ಎದುರು ತೂಗುಹಾಕಬೇಡಿ. ಫೋಟೊ ತೆಗೆದಿಟ್ಟುಕೊಂಡು, ಪತ್ರವನ್ನು ಒಣಗಿದ ಕತ್ತಲೆ ಜಾಗದಲ್ಲಿಡಿ.