ಸುರಂಗದಲ್ಲಿ ದೀಪ ಆರಿದ ಜಾಗ

ಉತ್ತರಪತ್ರಿಕೆ ತಿದ್ದುವಾಗ ಪ್ರತಿ ವರ್ಷ ಈ ಸಾಲು ಸಿಗುತ್ತದೆ: "1380 ಕೋಟಿ ವರ್ಷಗಳ ಹಿಂದೆ ಮಹಾಸ್ಫೋಟ ಆಯಿತು. ಆಗ ಜಾಗವೂ ಕಾಲವೂ ಹುಟ್ಟಿದವು." ನಾನು ಅರ್ಧ ಮಾರ್ಕು ಮಾತ್ರ ಕೊಡುತ್ತೇನೆ. "ಮಾಷ್ಟ್ರೇ, ಎಲ್ಲ ಕಡೆ ಹಾಗೇ ಉಂಟಲ್ಲ?" ಅಂತ ಮಕ್ಕಳು ಜಗಳಕ್ಕೆ ಬರುತ್ತಾರೆ. ಉಂಟು. ಆದರೆ ಮೊದಲ ವಾಕ್ಯಕ್ಕೆ ಸಾಕ್ಷಿ ಇದೆ, ಎರಡನೆಯದಕ್ಕೆ ಇಲ್ಲ.

ಮಹಾಸ್ಫೋಟ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ನಮ್ಮ ಕಾಸರಗೋಡಿನವರಿಗೆ ಕೂಡಲೇ ಕುಂಬಳೆ ಬೆಡಿ ನೆನಪಾಗುತ್ತದೆ. ಬೆಡಿ ಸಿಡಿಯುವುದು ಒಂದು ಕಡೆ, ನಾವು ನಿಂತು ನೋಡುವುದು ಇನ್ನೊಂದು ಕಡೆ. ವಿಶ್ವಕ್ಕೆ ಹಾಗೆ ದೂರ ನಿಲ್ಲುವ ಜಾಗವೇ ಇಲ್ಲ, ಎಲ್ಲ ಕಡೆಯೂ ಒಟ್ಟಿಗೆ ಹಿಗ್ಗಿತು. ಅದು ಆಗ ಕುದಿಯುವಷ್ಟು ಬಿಸಿಯಾಗಿ, ಒತ್ತೊತ್ತಾಗಿ ಇತ್ತು ಅನ್ನುವುದು ಗಟ್ಟಿ ಮಾತು. 1964-65ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಅನ್ನುವ ವಿಜ್ಞಾನಿಗಳು ತಮ್ಮ ಆಂಟೆನಾದಲ್ಲಿ ಕೇಳಿದ ಗುಯ್‌ಗುಡುವಿಕೆ, ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷ ಆಗಿದ್ದಾಗ ಹೊರಟ ಬೆಳಕು. ವಿಶ್ವದಲ್ಲಿ ಹೀಲಿಯಂ ಅನಿಲ ಎಷ್ಟಿದೆ ಅನ್ನುವ ಲೆಕ್ಕ ಅದಕ್ಕಿಂತಲೂ ಹಿಂದೆ, ಮೊದಲ ಕೆಲವು ನಿಮಿಷಗಳವರೆಗೆ ನಮ್ಮನ್ನು ಕರೆದೊಯ್ಯುತ್ತದೆ.

ಇನ್ನೂ ಹಿಂದೆ ಹೋದರೆ? ಐನ್‌ಸ್ಟೈನ್ ಸಮೀಕರಣದಲ್ಲಿ ಸಾಂದ್ರತೆ ಅನಂತ ಆಗುತ್ತದೆ. ಇದು ನಿಜವಲ್ಲ, ವಿಶ್ವ ಎಲ್ಲ ಕಡೆ ಒಂದೇ ಸಮ ಅಂತ ಲೆಕ್ಕಕ್ಕೋಸ್ಕರ ಒಪ್ಪಿಕೊಂಡದ್ದರಿಂದ ಬಂದ ತಪ್ಪು ಅಂತ ಅನೇಕರು ಭಾವಿಸಿದ್ದರು. 1955ರಲ್ಲಿ ಕಲ್ಕತ್ತದ ಭೌತವಿಜ್ಞಾನಿ ಅಮಲ್ ಕುಮಾರ್ ರಾಯ್‌ಚೌಧುರಿ ಎಲ್ಲ ಕಡೆ ಒಂದೇ ಸಮ ಅನ್ನುವ ಆ ಊಹೆಯನ್ನೇ ಕೈಬಿಟ್ಟು ಲೆಕ್ಕ ಹಾಕಿದರು. ಗುರುತ್ವ ಎಲ್ಲವನ್ನೂ ಒಟ್ಟಿಗೆ ಎಳೆಯುತ್ತದೆ. ಸುತ್ತುವಿಕೆ ಇಲ್ಲದಿದ್ದರೆ ವಸ್ತುಗಳು ಸಾಗುವ ದಾರಿಗಳೆಲ್ಲ ಒಂದು ಕಡೆ ಕೂಡಲೇಬೇಕು. ನಕ್ಷತ್ರ ಕುಸಿಯುವುದರ ಬಗ್ಗೆ ಪೆನ್‌ರೋಸ್ 1965ರಲ್ಲಿ ಮಾಡಿದ್ದು, ಹಾಕಿಂಗ್ ಅದನ್ನೇ ಕಾಲದಲ್ಲಿ ಹಿಂದಕ್ಕೆ ತಿರುಗಿಸಿ ಇಡೀ ವಿಶ್ವಕ್ಕೆ ಅನ್ವಯಿಸಿದ್ದು, ಇಬ್ಬರೂ ಸೇರಿ 1970ರಲ್ಲಿ ಬರೆದ ಪ್ರಮೇಯ, ಎಲ್ಲದರ ಅಡಿಪಾಯ ರಾಯ್‌ಚೌಧುರಿಯವರ ಈ ಸಮೀಕರಣವೇ. ನಮ್ಮ ಪಠ್ಯದಲ್ಲಿ ಅವರ ಹೆಸರು ಸಿಗುವುದು ಕಡಿಮೆ, ಬೇಜಾರಿನ ಸಂಗತಿ.

ಆದರೆ ಆ ಪ್ರಮೇಯ ಹೇಳುವುದು ಏನು? ಕಾಲ ಹುಟ್ಟಿತು ಅಂತಲ್ಲ. ಹಿಂದಕ್ಕೆ ಹೋಗುವ ದಾರಿಯನ್ನು ಈ ಲೆಕ್ಕದಲ್ಲಿ ಮುಂದುವರಿಸಲು ಬರುವುದಿಲ್ಲ ಅಂತ, ಅಷ್ಟೇ. ಬಾಯಾರು, ಎಣ್ಮಕಜೆ ಕಡೆ ಗುಡ್ಡಕ್ಕೆ ನೀರಿನ ಸುರಂಗ ಕೊರೆಯುವವರನ್ನು ಕೇಳಿ. ದೀಪ ಹಿಡಿದು ಒಳಗೆ ಹೋಗುತ್ತಾರೆ, ಆರಿತೋ, ವಾಪಸ್. ಗಾಳಿ ಸಾಲದು ಅಂತ ಅರ್ಥ. ಗುಡ್ಡ ಅಲ್ಲಿಗೆ ಮುಗಿಯಿತು ಅಂತ ಯಾರೂ ಹೇಳುವುದಿಲ್ಲ ಅಲ್ವಾ?

ಶುರುವಿಗೆ ಸೆಕೆಂಡಿನ 10ರ ಮೈನಸ್ 43ನೇ ಘಾತದಷ್ಟು ಹತ್ತಿರ ಹೋದಾಗ ಗುರುತ್ವಕ್ಕೂ ಕ್ವಾಂಟಂ ನಿಯಮ, ಅಂದರೆ ಪರಮಾಣುವಿನಷ್ಟು ಸಣ್ಣ ಲೋಕದ ನಿಯಮ, ಬೇಕು, ಅದು ನಮ್ಮ ಕೈಯಲ್ಲಿಲ್ಲ. ಇರುವುದು ಪ್ರಸ್ತಾಪಗಳು. 1983ರಲ್ಲಿ ಹಾರ್ಟಲ್ ಮತ್ತು ಹಾಕಿಂಗ್, ಶುರುವಿನಲ್ಲಿ ಅಂಚೇ ಇಲ್ಲ ಅಂದರು. ದಕ್ಷಿಣ ಧ್ರುವದಿಂದ ತೆಂಕಿಗೆ ಏನಿದೆ ಅಂತ ಕೇಳಿದ ಹಾಗೆ, ಅದಕ್ಕಿಂತ ಮೊದಲು ಅನ್ನುವ ಪ್ರಶ್ನೆಗೆ ಅರ್ಥವಿಲ್ಲ. ಭೌತವಿಜ್ಞಾನಿ ಅಭಯ್ ಅಷ್ಟೇಕರ್ ಮತ್ತು ಜೊತೆಗಾರರ ಲೆಕ್ಕದಲ್ಲಿ ಹಿಂದಿನ ವಿಶ್ವವೊಂದು ಕುಗ್ಗಿ, ಪುಟಿದು, ಹಿಗ್ಗತೊಡಗಿತು. ಅಲ್ಲಿ ಕಾಲಕ್ಕೆ ಶುರುವೇ ಇಲ್ಲ. ನನಗೆ ಎರಡನೆಯದು ಜಾಸ್ತಿ ಇಷ್ಟ. ಆದರೆ ನನ್ನ ಇಷ್ಟ ಸಾಕ್ಷಿ ಅಲ್ಲ.

ಮೊದಲ ಕ್ಷಣಗಳಿಗೆ ಸಾಕ್ಷಿ ಸಿಕ್ಕಿತು ಅಂತ ನಾನೂ ಒಮ್ಮೆ ಕುಣಿದಿದ್ದೇನೆ. 2014ರ ಮಾರ್ಚ್‌ನಲ್ಲಿ ಬೈಸೆಪ್2 ತಂಡ, ಮೊದಲ ಕ್ಷಣಗಳ ಗುರುತ್ವ ಅಲೆಗಳ (ಜಾಗವೇ ಅಲುಗುವ ಅಲೆಗಳ) ಗುರುತು ಆ ಹಳೆಯ ಬೆಳಕಿನಲ್ಲಿ ಕಂಡಿತು ಅಂತ ದಕ್ಷಿಣ ಧ್ರುವದ ದೂರದರ್ಶಕದ ಲೆಕ್ಕ ಹೊರಗಿಟ್ಟಿತು. ತರಗತಿಯಲ್ಲಿ ಲಾಡು ಹಂಚಿದೆ. ಮುಂದಿನ ವರ್ಷ ಪ್ಲಾಂಕ್ ಉಪಗ್ರಹದ ಮಾಹಿತಿ ಜೊತೆಗಿಟ್ಟು ನೋಡಿದರೆ ಆ ಗುರುತಿನಲ್ಲಿ ನಮ್ಮದೇ ಆಕಾಶಗಂಗೆಯ ಧೂಳಿನ ಪಾಲು ತುಂಬಾ ದೊಡ್ಡದು, ಅಲೆ ಇದೆ ಅನ್ನುವಷ್ಟು ಏನೂ ಉಳಿಯಲಿಲ್ಲ. ಆ ಬ್ಯಾಚಿನ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರೆ ಈಗಲೂ ಕೇಳುತ್ತಾರೆ: "ಮಾಷ್ಟ್ರೇ, ಧೂಳು ಹೋಯಿತಾ?"